ಕರುಗಲ್ಲಿನ ಬುಡ

ಕಿಣ್ ಅಂತ ಒಂದು ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕಿಣ್.

ನಿದ್ದೆಯಲ್ಲೂ ಅರ್ಧ ಎಚ್ಚರವಾಗಿರುವವಳು ನಾನು. ಗ್ಯಾಸ್ ಮುಚ್ಚಿದೆನೋ ಇಲ್ಲವೋ, ಹಿತ್ತಿಲ ಚಿಲಕ ಹಾಕಿದೆನೋ ಇಲ್ಲವೋ ಅಂತ ಎದ್ದು ನೋಡುವುದೇ ನನ್ನ ರಾತ್ರಿಯ ಕೆಲಸ. ನನ್ನ ಗಂಡ ಅನಂತರಾಜು ಬಿಡದಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ಸಂಬಳ ತರುತ್ತಿದ್ದರು. ನಾನು ಮನೆಯಲ್ಲಿ ಸಂಬಳವಿಲ್ಲದೆ ಅದೇ ಪಾಳಿ ಮಾಡುತ್ತಿದ್ದೆ.

ಕಿಟಕಿಯ ಪರದೆ ಒಂದಿಷ್ಟೇ ಸರಿಸಿ ನೋಡಿದೆ. ಊರಬಾಗಿಲಲ್ಲಿ, ಕರುಗಲ್ಲಿನ ಹತ್ತಿರ, ಎರಡು ನೆರಳು. ಒಂದರ ಕೈಯಲ್ಲಿ ಹಾರೆ, ಇನ್ನೊಂದರ ಕೈಯಲ್ಲಿ ಬಟ್ಟೆ ಸುತ್ತಿದ ಬ್ಯಾಟರಿ. ಕಳ್ಳರು ಅಂತ ಕೂಗಬೇಕು ಅನ್ನುವಷ್ಟರಲ್ಲಿ ಹಾರೆ ಹಿಡಿದ ಕಳ್ಳ ಕೆಮ್ಮಿದ. ಆ ಕೆಮ್ಮು ನಮ್ಮ ಮಾವ ರಾಮಲಿಂಗಯ್ಯನವರದು. ಬ್ಯಾಟರಿ ಹಿಡಿದ ಕಳ್ಳಿ ನಮ್ಮ ಅತ್ತೆ ಬೈರಮ್ಮ.

ಕರುಗಲ್ಲು ಅಂದರೆ ಊರು ಕಟ್ಟುವ ದಿನ ಎಲ್ಲಕ್ಕಿಂತ ಮೊದಲು ನೆಡುವ ಕಲ್ಲು. ಅದನ್ನು ನೆಟ್ಟ ಮೇಲೆಯೇ ಮನೆ, ಗುಡಿ, ಜಗಳ ಎಲ್ಲ. ನಮ್ಮ ಚಿಕ್ಕಬೈರನದೊಡ್ಡಿಯ ಕಲ್ಲನ್ನು ನೆಟ್ಟವನು ಚಿಕ್ಕಬೈರ. ಅವನು ನಮ್ಮ ಮಾವನವರ ಪೂರ್ವಿಕ. ಹಾಗಾಗಿ ಕಲ್ಲನ್ನು ಮುಟ್ಟುವ ಹಕ್ಕು ನಮ್ಮ ಮನೆಯವರಿಗೆ ಮಾತ್ರ. ದನಕ್ಕೆ ರೋಗ ಬಂದರೆ ನಾವು ಅದಕ್ಕೆ ನೀರು ಹುಯ್ಯುತ್ತೇವೆ, ಊರಿನವರು ದೂರ ನಿಂತು ಕೈ ಮುಗಿಯುತ್ತಾರೆ. ಎದುರುಮನೆ ಮಂಚಯ್ಯನವರು ಮಾತ್ರ ಕೈ ಮುಗಿಯುವಾಗಲೂ ಹಲ್ಲು ಕಚ್ಚಿಕೊಂಡಿರುತ್ತಾರೆ.

ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಆದರೆ ಬಿಡದಿಯ ಕಾರ್ಖಾನೆಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವು ಮಾಗಡಿ ದಿಕ್ಕಿಗೆ ಕಾಲು ಚಾಚಿದ್ದವು. ಚಾಚಿದ ಕಾಲಿಗೆ ಅಗಲವಾದ ರಸ್ತೆ ಬೇಕಾಗಿತ್ತು. ಒಂದು ದಿನ ಸರ್ವೆಯವರು ಬಂದು ಕೆಂಪು ಬಟ್ಟೆ ಕಟ್ಟಿದ ಗೂಟಗಳನ್ನು ಹೊಡೆದುಕೊಂಡು ಹೋದರು. ಗೂಟಗಳ ಸಾಲು ನೇರವಾಗಿ ಕರುಗಲ್ಲಿನ ಮೇಲೆ ಹಾದಿತ್ತು. ಊರಿಗೆ ಊರೇ ಎದ್ದಿತು. ರಸ್ತೆಯ ಇಂಜಿನಿಯರು ಪರರಾಜ್ಯದವರು, ಕನ್ನಡ ಬಾರದು. ಅರ್ಜಿ ಇಂಗ್ಲಿಷಿನಲ್ಲಿರಬೇಕು. ಊರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ರಾಮನಗರದ ಕಾಲೇಜೊಂದರಲ್ಲಿ ಗಂಟೆಯ ಲೆಕ್ಕದಲ್ಲಿ ಪಾಠ ಹೇಳುತ್ತಿದ್ದವಳು ನಾನೊಬ್ಬಳೇ.

ನಾನು ಅರ್ಜಿಯನ್ನು ಮದುವೆ ಸೀರೆ ಆರಿಸುವ ಹಾಗೆ ಬರೆದೆ. ನನ್ನ ಹತ್ತಿರ ಇಂಗ್ಲಿಷ್ ಪದಗಳ ಹುಟ್ಟು ಹೇಳುವ ಒಂದು ಹಳೆಯ ನಿಘಂಟಿದೆ. ಒಂದೊಂದು ಪದವನ್ನೂ ಅದರಲ್ಲಿ ಮುಟ್ಟಿ ನೋಡಿದೆ. ಬಿಗಿನಿಂಗ್ ಬೇಡ ಅನ್ನಿಸಿತು. ಅದರ ಹುಟ್ಟು ಯಾವುದೆಂದು ಪಂಡಿತರಿಗೇ ಖಾತ್ರಿಯಿಲ್ಲವಂತೆ, ಆರಂಭದ ಆರಂಭವೇ ಯಾರಿಗೂ ಗೊತ್ತಿಲ್ಲ. ಸ್ಟಾರ್ಟ್ ಬೇಡ, ಅದಕ್ಕೆ ಮೂಲದಲ್ಲಿ ಬೆಚ್ಚಿ ನೆಗೆಯುವುದು ಎಂಬ ಅರ್ಥ. ನಾನು ದಿನವೂ ಮಾಡುವ ಕೆಲಸ, ಊರಿಗೆ ಯಾಕೆ ಹೊರಿಸಲಿ? ಒರಿಜಿನ್ ಚೆನ್ನಾಗಿತ್ತು. ಲ್ಯಾಟಿನ್ನಿನಲ್ಲಿ ಅದು ಏಳುವುದು, ಸೂರ್ಯ ಮೂಡಿದ ಹಾಗೆ. ವಿಲೇಜ್ ಅನ್ನು ಮಾತ್ರ ಹಿಂದುಮುಂದು ನೋಡಿ ಬರೆದೆ. ಹಳ್ಳಿಯವನು ಅನ್ನುವ ಮಾತೇ ಇಂಗ್ಲಿಷಿನಲ್ಲಿ ಬೆಳೆದು ಬೆಳೆದು ಖಳನಾಯಕನಾಗಿದೆ. ಕೊನೆಗೆ, ಈ ಕಲ್ಲು ನೆನಪಿಗೆ ಮೀರಿದ ಕಾಲದಿಂದ ಕದಲದೆ ನಿಂತಿದೆ ಅಂತ ಮುಗಿಸಿದೆ. ಆ ಮಾತಿಗೆ ಇಂಗ್ಲಿಷರ ಕಾನೂನಿನಲ್ಲಿ ಇಸವಿಯೇ ಇದೆ, ಸಾವಿರದ ನೂರ ಎಂಬತ್ತೊಂಬತ್ತಕ್ಕಿಂತ ಹಿಂದಿನದು ಅಂತ. ಓದಿ ಹೆಮ್ಮೆಪಟ್ಟೆ.

ಇಂಜಿನಿಯರು ಅರ್ಜಿ ಓದಿ ಕರಗಿಹೋದರು. ಇಂಥ ಕಲ್ಲನ್ನು ಮುಟ್ಟುವುದು ಪಾಪ ಅಂದರು. ಗೂಟಗಳನ್ನು ಕಿತ್ತು ಕಲ್ಲಿನ ಇನ್ನೊಂದು ಮಗ್ಗುಲಿಗೆ ಹೊಡೆಸಿದರು. ಆ ಮಗ್ಗುಲಲ್ಲಿದ್ದದ್ದು ನಮ್ಮ ಮನೆ. ಹೊಸ ಸಾಲು ನಮ್ಮ ಜಗಲಿ ದಾಟಿ ಮುಂದಿನ ಕೋಣೆಯೊಳಗೆ ಹಾದುಹೋಗುತ್ತಿತ್ತು. ಅದು ನನ್ನ ಕೋಣೆ. ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿತ್ತು.

ಆ ಕೋಣೆಯ ವಿಷಯ ಹೇಳಬೇಕು. ನಮ್ಮಪ್ಪ ಮೇಷ್ಟ್ರು. ಕನಕಪುರ, ಚನ್ನಪಟ್ಟಣ, ಕಲ್ಯ, ಮತ್ತೆ ಕನಕಪುರ ಅಂತ ವರ್ಗವಾಗುತ್ತಲೇ ಇದ್ದರು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದು ಅನ್ನುವುದು ನಾನು ಕಲಿತ ಮೊದಲ ಪಾಠ. ಮದುವೆಯಾಗಿ ಬಂದ ವಾರವೇ ಆ ಕೋಣೆಯ ಗೋಡೆಗೆ ನಾನೇ ಮೊಳೆ ಹೊಡೆದು ಒಂದು ಕ್ಯಾಲೆಂಡರ್ ನೇತುಹಾಕಿದೆ. ಯಾರೂ ಬೈಯಲಿಲ್ಲ. ಬೈಯುತ್ತಾರೇನೋ ಅಂತ ಬಹಳ ದಿನ ಕಾದೆ.

ಹೊಸ ಗೂಟ ಬಂದ ಸಂಜೆ ನಿಘಂಟಿನಲ್ಲಿ ಪ್ಲೇಸ್ ತೆಗೆದು ನೋಡಿದೆ. ಅದರ ಮೂಲ ಗ್ರೀಕರ ಅಗಲವಾದ ಬೀದಿಯಂತೆ. ಇಂಗ್ಲಿಷರ ಜಾಗವೇ ಮೊದಲು ರಸ್ತೆಯಾಗಿತ್ತು ಅಂದ ಮೇಲೆ, ನಮ್ಮ ಜಾಗವೆಲ್ಲ ರಸ್ತೆಯಾಗಬೇಕೆಂದು ಸಾಹೇಬರಿಗೆ ತೋಚಿದ್ದರಲ್ಲಿ ಆಶ್ಚರ್ಯವಿಲ್ಲ. ನಿಘಂಟು ಮುಚ್ಚಿಟ್ಟೆ.

ಬೆಳಗಾದರೆ ಇಂಜಿನಿಯರು ಕೊನೆಯ ಗುರುತು ಹಾಕಲು ಬರುವವರಿದ್ದರು. ಈ ರಾತ್ರಿ ಮಾವನವರ ಕೈಯಲ್ಲಿ ಹಾರೆ.

ನಾನು ಹೊರಗೆ ಹೋದೆ. ಅತ್ತೆ ಬ್ಯಾಟರಿಯನ್ನು ನನ್ನ ಮುಖಕ್ಕೇ ಬಿಟ್ಟರು.

"ಎದ್ಯಾ? ಒಳ್ಳೇದಾಯ್ತು ಬಾ. ಅಸ ಬಿಚ್ಕೊಂಡ್ ಬಾ ಓಗು."

"ಹಸು ಯಾಕತ್ತೆ? ಮಾವ, ಏನು ಮಾಡ್ತಿದೀರಿ?"

"ಕಲ್ನ ಒಸಿ ಈಚೀಕೆ ಜರುಗುಸ್ತಾವ್ನಿ ಕಣವ್ವ," ಅಂದರು ಮಾವ, ಟೇಬಲ್ ಸರಿಸುವವರ ಹಾಗೆ. "ಕಲ್ಲು ನಮ್ ಕಡೀಕ್ ಬಂದ್ರೆ ರಸ್ತೆ ಮಂಚನ್ ಕಡೀಕ್ ಓಯ್ತದೆ. ಅವುಂದು ಉಲ್ಲಿನ್ ಬಣವೆ ಜಾಗ, ಮನೆಯೇನಲ್ಲ."

"ಕದಲಿಸಬಾರದಲ್ಲ ಮಾವ?"

"ನೀನೇ ಬರ್ದಿದ್ದೀಯಲ್ಲ, ಕದಲಾಕಿಲ್ಲ ಅಂತವ. ಇನ್ ಯಾರ್ ಅನುಮಾನ ಪಟ್ಟಾರು?"

ನನ್ನ ಬರವಣಿಗೆಗೆ ಇಷ್ಟು ಉತ್ತಮ ವಿಮರ್ಶೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಅತ್ತೆಗೆ ಬೇರೆಯೇ ಚಿಂತೆ. ಕರುಗಲ್ಲು ಕದಲಿದರೆ ಊರು ಹೊರಬೀಡು ಹೋಗಬೇಕು. ಅಂದರೆ ಊರಿನವರೆಲ್ಲ ಒಲೆ ಆರಿಸಿ, ಬಾಗಿಲು ಹಾಕಿ, ದನಕರು ಕೋಳಿ ಸಮೇತ ಎಲ್ಲೆ ದಾಟಿ ಹೊರಗೆ ಬೀಡುಬಿಟ್ಟು, ಅಲ್ಲೇ ಉಂಡು, ಹೊಸ ಬೆಂಕಿ ಹಿಡಿದು ಮತ್ತೆ ಊರು ಹೊಗಬೇಕು. ಆಗ ಊರು ಮೊದಲಿನಿಂದ ಶುರುವಾದ ಲೆಕ್ಕ.

"ಊರಿನವರನ್ನೆಲ್ಲ ಎಬ್ಬಿಸೋದಾ ಅತ್ತೆ?"

"ಅವ್ರ್ಯಾಕೆ? ಮೊದ್ಲು ಬಂದ ಒಕ್ಲು ನಾವು. ನಾವು ಓದ್ರೆ ಊರೇ ಓದಂಗೆ. ಒಲೆ ಆರ್ಸಿದ್ಯಾ?"

"ಗ್ಯಾಸ್ ಒಲೆ ಅತ್ತೆ. ಉರೀತಾನೇ ಇಲ್ಲ."

"ಸಿಲಿಂಡ್ರು ಬಂದ್ ಮಾಡು. ದೇವ್ರಿಗ್ ಗ್ಯಾಸು ಸೌದೆ ಎಲ್ಲಾ ಒಂದೇಯ."

ಹೀಗೆ ಚಿಕ್ಕಬೈರನದೊಡ್ಡಿ ಆ ರಾತ್ರಿ ಹೊರಬೀಡು ಹೋಯಿತು. ಊರಿನ ಪರವಾಗಿ ನಾನು, ಅತ್ತೆ, ಗಂಟೆಗೆ ಬಟ್ಟೆ ತುರುಕಿದ ಒಂದು ಹಸು, ಮಂಕರಿಯೊಳಗಿನ ಎರಡು ಕೋಳಿ. ಎಮ್ಮೆ ಏಳಲಿಲ್ಲ. ಅದು ನಮ್ಮ ಮನೆಯದೇ ಆದರೂ ಊರಿನ ಆಗುಹೋಗುಗಳಲ್ಲಿ ಅದಕ್ಕೆ ಮೊದಲಿನಿಂದಲೂ ಆಸಕ್ತಿಯಿಲ್ಲ. ಎಲ್ಲೆ ಎಲ್ಲಿ ಅಂತ ಕತ್ತಲಲ್ಲಿ ತಿಳಿಯದೆ ಒಂದು ಕೆಂಪು ಬಟ್ಟೆಯ ಗೂಟವನ್ನೇ ಎಲ್ಲೆ ಎಂದುಕೊಂಡೆವು. ಅದರಾಚೆ ಕೂತು ಅತ್ತೆ ಮಡಿಲಿನಿಂದ ಪುರಿ ತೆಗೆದು ನನಗೊಂದು ಹಿಡಿ ಕೊಟ್ಟರು. "ತಿನ್ನು, ಊಟ ಆದಂಗೆ." ಮಂಚಯ್ಯನವರ ಮನೆಯ ಕಿಟಕಿಯನ್ನು ನೋಡುತ್ತಾ ತಿಂದೆ. ಪುರಿ ಅಗಿಯುವ ಸದ್ದು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಾವ ಮೆಲ್ಲಗೆ ಶಿಳ್ಳೆ ಹಾಕಿದರು. ಕಲ್ಲು ಬುಡ ಸಮೇತ ಎದ್ದು ಅಡ್ಡ ಬಿದ್ದಿತ್ತು. ಹಸುವನ್ನು ಗೂಟಕ್ಕೇ ಕಟ್ಟಿ ಹತ್ತಿರ ಹೋದೆವು.

ಮೇಲ್ಭಾಗ ನಾವು ಕಂಡದ್ದೇ. ಒರಟು ಕಲ್ಲು, ಎಣ್ಣೆ ಕುಂಕುಮ ಮೆತ್ತಿ ಕಪ್ಪಾಗಿದ್ದದ್ದು. ಮಣ್ಣಿನೊಳಗಿದ್ದ ಭಾಗ ಮಾತ್ರ ಬೇರೆಯೇ ಕಲ್ಲಿನ ಹಾಗಿತ್ತು. ಉಳಿಯಲ್ಲಿ ನಯ ಮಾಡಿದ್ದು, ತುದಿ ದುಂಡಗೆ. ಬೆಳಕು ಬಿದ್ದಾಗ ಮಣ್ಣು ಮೆತ್ತಿದ ಅಕ್ಷರಗಳು ಕಂಡವು.

"ಅಯ್ ಶಿವ್ನೇ! ಅಕ್ಸರ!" ಮಾವ ಕಲ್ಲಿನ ಮೇಲೆ ಬಗ್ಗಿದರು. ಕನ್ನಡಕ ಮನೆಯಲ್ಲಿತ್ತು. "ಸಾಸ್ನ ಕಣೇ ಬೈರಿ! ನಮ್ ಚಿಕ್ಬೈರಪ್ಪ ಸಾಸ್ನ ಬರ್ಸವ್ನೆ! ಓದವ್ವ, ಎಮ್ಮೆ ಮಾಡಿದ್ದೀಯ, ಓದು."

ಎಂ.ಎ.ಯನ್ನು ಅವರು ಯಾವಾಗಲೂ ಹಾಗೆಯೇ ಅನ್ನುತ್ತಿದ್ದರು. ನಾನು ಸೆರಗಿನಿಂದ ಮಣ್ಣು ಒರೆಸಿದೆ. ಇಂಗ್ಲಿಷ್ ಅಕ್ಷರಗಳು. ಮಾಗಡಿ. ಅದರ ಕೆಳಗೆ ಹನ್ನೊಂದು. ಅದರ ಮುಂದೆ ಮೈಲಿ ಎನ್ನುವುದಕ್ಕೆ ಒಂದೇ ಒಂದು ಅಕ್ಷರ.

ಮತ್ತೊಮ್ಮೆ ಒರೆಸಿದೆ. ಮಾಗಡಿ ಹನ್ನೊಂದು ಮೈಲಿಯೇ. ಚಿಕ್ಕಬೈರನ ಹೆಸರಾಗಲಿ, ಶಾಸನಗಳ ಮೇಲಿರುವ ಸೂರ್ಯಚಂದ್ರರಾಗಲಿ ಎಲ್ಲೂ ಇರಲಿಲ್ಲ. ಇಂಗ್ಲಿಷರು ಮಾಗಡಿ ರಸ್ತೆಗೆ ನೆಡಿಸಿದ್ದ ಮೈಲಿಗಲ್ಲು ಎಲ್ಲೋ ಉರುಳಿ ಬಿದ್ದಿರಬೇಕು. ಚಿಕ್ಕಬೈರ ಅದನ್ನು ಎಳೆದು ತಂದು, ಒರಟು ಕಡೆಯೇ ದೇವರ ಹಾಗೆ ಕಾಣುತ್ತದೆಂದು ತಲೆಕೆಳಗಾಗಿ ನೆಟ್ಟಿದ್ದಾನೆ. ನೆನಪಿಗೆ ಮೀರಿದ ಕಾಲದಿಂದ ನಿಂತ ನಮ್ಮ ಊರು ಶುರುವಾದದ್ದು ರಸ್ತೆ ಬಂದ ಮೇಲೆ. ಮೈಲ್ ಅಂದರೆ ರೋಮನ್ ಸಿಪಾಯಿಗಳ ಸಾವಿರ ಹೆಜ್ಜೆ. ಅವರ ಹೆಜ್ಜೆಯ ಲೆಕ್ಕಕ್ಕೆ ನಾವು ಇಷ್ಟು ಕಾಲ ಎಣ್ಣೆ ಮಜ್ಜನ ಮಾಡಿದ್ದೆವು.

"ಯಾವ ಬಾಸೆ ಅವ್ವ? ಅಳೆಗನ್ನಡವಾ?"

"ತುಂಬಾ ಹಳೇದು ಮಾವ," ಅಂದೆ.

"ಅಂಗಾರೆ ಇದ್ನ ಮ್ಯಾಕ್ ಮಾಡಿ ನೆಡವ! ನಾಳೀಕೆ ಇಂಜಿನೀರು ಬಂದು ಓದ್ಲಿ. ಆ ಮಂಚ ನೋಡಿ ಉರ್ಕೊಂಡ್ ಸಾಯ್ಲಿ!" ಅವರು ಆಗಲೇ ಕಲ್ಲಿನ ದುಂಡನೆಯ ತುದಿಗೆ ಹಾರೆ ಕೊಟ್ಟಿದ್ದರು.

ಇಂಜಿನಿಯರು ಅದನ್ನು ಖಂಡಿತ ಓದುತ್ತಿದ್ದರು. ಆ ಊರಿಗೆ ಬರುವವರಲ್ಲಿ ಅದನ್ನು ಓದಬಲ್ಲ ಎರಡನೆಯವರು ಅವರೇ. ಓದಿ ನಗುತ್ತಿದ್ದರು. ಮೈಲಿಗಲ್ಲಿಗೆ ಯಾರೂ ರಸ್ತೆ ಬಗ್ಗಿಸುವುದಿಲ್ಲ. ಮೊದಲಿನ ಗೂಟವೂ ಇರಲಿ, ಆಮೇಲಿನ ಗೂಟವೂ ಇರಲಿ ಅಂತ ಎರಡನ್ನೂ ಸೇರಿಸಿ ಅಗಲ ಮಾಡಿದರೂ ಮಾಡಿಯಾರು. ನನ್ನ ಮೊಳೆ, ನನ್ನ ಕ್ಯಾಲೆಂಡರ್, ನನ್ನ ಕಿಟಕಿ.

"ಬೇಡ ಮಾವ! ಅದು ಶಾಪ."

ಹಾರೆ ನಿಂತಿತು.

"ಸಾಪ?"

"ಹಳೇ ಶಾಸನಗಳಲ್ಲಿ ಕೊನೆಗೆ ಬರೀತಾರಲ್ಲ ಮಾವ, ಅದು. 'ಈ ಅಕ್ಷರವನ್ನು ಬಿಸಿಲಿಗೆ ತೋರಿಸಿದವರ ವಂಶ ಹನ್ನೊಂದು ತಲೆಮಾರು ನೆಲೆಯಿಲ್ಲದೆ ಅಲೆಯಲಿ' ಅಂತಿದೆ." ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಒಂದು ಕ್ಷಣ ಭಯವಾಯಿತು.

ಅತ್ತೆ ಬ್ಯಾಟರಿ ಬಗ್ಗಿಸಿ ನೋಡಿದರು. "ಅನ್ನೊಂದಾ? ಸರ್ಯಾಗಿ ನೋಡ್ದ್ಯಾ?"

"ಹನ್ನೊಂದೇ ಅತ್ತೆ. ಅಂಕಿ ಸ್ಪಷ್ಟವಾಗಿದೆ."

ಅಷ್ಟು ಮಾತ್ರ ಸತ್ಯವಾಗಿತ್ತು. ಅತ್ತೆಗೆ ಅಷ್ಟು ಸಾಕಾಯಿತು.

"ಇನ್ನೇನ್ ನೋಡ್ತಾ ನಿಂತ್ರಿ ನೀವು? ಇಳ್ಸಿ ಒಳೀಕೆ! ಬಿಸ್ಲು ಬರಾ ಅಷ್ಟೊತ್ಗೆ ಮಣ್ ಮುಚ್ಬೇಕು. ಸಾಸ್ನ ಅಂತೆ ಸಾಸ್ನ. ನಿಮ್ ಚಿಕ್ಬೈರಪ್ಪಂಗೆ ಬರ್ಯಾಕ್ ಬ್ಯಾರೆ ಏನೂ ಸಿಕ್ಕಿರ್ನಿಲ್ವಾ?"

ಅಕ್ಷರ ಮತ್ತೆ ಮಣ್ಣಿನೊಳಗೆ ಹೋಯಿತು, ನಮ್ಮ ಮನೆಯ ಕಡೆಗೆ ಎರಡು ಮಾರು ಈಚೆ. ಹಳೇ ಗುಂಡಿಗೆ ಮಣ್ಣು ತುಳಿದು, ಎರಡೂ ಕಡೆ ಸಗಣಿ ಸಾರಿಸಿ, ಮೇಲೆ ರಂಗೋಲಿ ಎಳೆದೆ. ಅತ್ತೆ ಕರ್ಪೂರ ಹಚ್ಚಿ ಕೈಗೆ ಕೊಟ್ಟರು. ಹೊಸ ಬೆಂಕಿ ಹಿಡಿದು ಬಲಗಾಲಿಟ್ಟು ನಾನು ಊರು ಹೊಕ್ಕೆ, ಹಿಂದೆ ಹಸು, ಕೋಳಿ. ಊರು ಮೊದಲಿನಿಂದ ಶುರುವಾಯಿತು. ಎಮ್ಮೆ ಹಳೇ ಊರಿನಲ್ಲೇ ಉಳಿಯಿತು.

ಬೆಳಿಗ್ಗೆ ಇಂಜಿನಿಯರು ಬಂದರು. ನಕ್ಷೆ ನೋಡಿದರು, ಕಲ್ಲು ನೋಡಿದರು, ಮತ್ತೆ ನಕ್ಷೆ ನೋಡಿದರು. ನಾನು ಕಿಟಕಿಯ ಹಿಂದೆ ನಿಂತು ಸರಳು ಹಿಡಿದುಕೊಂಡಿದ್ದೆ. ಅವರು ಕಡತದಿಂದ ನನ್ನ ಅರ್ಜಿ ತೆಗೆದು ಓದಿಕೊಂಡು, ಅಳತೆಯ ಸರಪಳಿ ಹಿಡಿಯುವ ಹುಡುಗರ ಮೇಲೆ ಇಂಗ್ಲಿಷಿನಲ್ಲಿ ಹರಿಹಾಯ್ದರು. ಕಲ್ಲು ನೂರಾರು ವರ್ಷದಿಂದ ಕದಲಿಲ್ಲ ಅಂತ ಇಲ್ಲಿ ಬರೆದಿದೆ, ಹಾಗಾದರೆ ತಪ್ಪಿದ್ದು ಯಾರ ಅಳತೆ? ಹುಡುಗರು ತಲೆ ಬಗ್ಗಿಸಿದರು. ಹೊಸ ಗೂಟಗಳು ಮಂಚಯ್ಯನವರ ಬಣವೆ ಜಾಗಕ್ಕೆ ಬಿದ್ದವು.

ಮಂಚಯ್ಯನವರು ಹಲ್ಲುಜ್ಜುತ್ತಾ ಬಂದು ಕಲ್ಲನ್ನು ಸುತ್ತು ಹಾಕಿದರು.

"ಏನ್ಲಾ ರಾಮಲಿಂಗ, ಕಲ್ಲು ಒಸಿ ನಿನ್ ಕಡೀಕೇ ಬಂದಂಗೈತೆ?"

"ನಿನ್ ಕಣ್ಗೆ ಪೊರೆ ಬಂದೈತೆ ಕಣ್ಲಾ, ಓಗಿ ತೋರುಸ್ಕೊ."

"ರಂಗೋಲಿ ಬ್ಯಾರೆ ಜೋರಾಗೈತೆ."

"ದೇವ್ರಿಗ್ ಬುಡ್ತಾರೆ ರಂಗೋಲಿ. ನಿಮ್ಮನೇಲ್ ಬುಡಾಕಿಲ್ವಾ?"

ಮಂಚಯ್ಯನವರು ಬಾಯಲ್ಲಿದ್ದದ್ದನ್ನು ಉಗಿದು ಮಾತಿಗೆ ಸಿದ್ಧರಾದರು. ಅಷ್ಟರಲ್ಲಿ ಅವರ ಮಗ ಕನಕರಾಜು ಬಂದು ಅಪ್ಪನ ತೋಳು ಹಿಡಿದ. ಅವನು ಬಿಳಿ ಶರ್ಟು ಹಾಕಿಕೊಂಡು ಜಮೀನು ತೋರಿಸುವ ವ್ಯಾಪಾರದಲ್ಲಿದ್ದವನು. ಗೂಟಗಳನ್ನು ನೋಡಿದ, ಬಣವೆ ನೋಡಿದ, ಉಳಿಯುವ ಜಾಗ ನೋಡಿದ. "ಅಪ್ಪಾ, ಸುಮ್ಕಿರು ನೀನು. ಎಲ್ಲಾ ಸರ್ಯಾಗೈತೆ," ಅಂದ. ಅವನ ಮುಖದಲ್ಲಿ ನಗು ಕಂಡು ನನಗೆ ಅಲ್ಲೇ ಅನುಮಾನ ಬರಬೇಕಾಗಿತ್ತು.

ರಸ್ತೆ ಬಂತು. ಬಣವೆ ಹೋದ ಜಾಗದ ಪಕ್ಕದಲ್ಲಿ ಮಂಚಯ್ಯನವರು ತಟ್ಟೆ ಇಡ್ಲಿ ಹೋಟೆಲ್ ಇಟ್ಟರು. ಅವರ ಹೆಂಡತಿ ಲಕ್ಷ್ಮಿದೇವಮ್ಮನವರ ಚಟ್ನಿಗೆ ಲಾರಿಗಳು ಸಾಲುಗಟ್ಟಿ ನಿಂತವು. ಕನಕರಾಜು ಹಿಂದಿನ ಹೊಲವನ್ನು ಸೈಟು ಮಾಡಿ ನನ್ನ ಹತ್ತಿರ ಬಂದ.

"ಅತ್ತಿಗೆ, ಲೇಔಟ್‌ಗೆ ಒಂದ್ ಒಳ್ಳೆ ಇಂಗ್ಲಿಷ್ ಎಸ್ರು ಏಳಿ. ನೀವ್ ಅರ್ಜೀಲಿ ಏನೋ ಬರ್ದಿದ್ರಲ್ಲ, ಒರಿಜಿನ್ನೋ ಏನೋ."

"ಬರೆದಿದ್ದೆ."

"ಒರಿಜಿನ್ ಎನ್‌ಕ್ಲೇವ್. ಎಂಗೈತೆ?"

ಎನ್‌ಕ್ಲೇವ್ ಅಂದರೆ ಬೀಗ ಹಾಕಿ ಕೂಡಿಟ್ಟದ್ದು ಅಂತ ಹೇಳಿದೆ. ಅವನಿಗೆ ಬಹಳ ಹಿಡಿಸಿತು. "ಕಾಂಪೌಂಡು ಆಕುಸ್ತೀವಲ್ಲ, ಸರೋಯ್ತು," ಅಂದ.

ಮನೆ ಉಳಿಸಿಕೊಂಡ ನಮ್ಮ ಮಾವನವರಿಗೆ ಮಾತ್ರ ಊಟ ಸೇರಲಿಲ್ಲ. ಜಗಲಿಯಲ್ಲಿ ಕೂತು ಎದುರಿನ ಲಾರಿಗಳನ್ನು ನೋಡುವುದೇ ಕೆಲಸ. ಆ ಜಗಲಿಯನ್ನು ಉಳಿಸಲು ಸೊಂಟ ಹಿಡಿಸಿಕೊಂಡದ್ದೂ ಅವರೇ. ಒಂದು ಸಂಜೆ ರಸ್ತೆಯನ್ನು ಇನ್ನೂ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಬಂತು. ಮಾವ ಎಲೆಯಡಿಕೆ ಉಗಿದು ಮೆಲ್ಲಗೆ ಅಂದರು:

"ಕಲ್ನ ಮೊದ್ಲು ಇದ್ದ ಕಡೀಕೇ ಇಟ್ಬುಟ್ರೆ ಎಂಗೆ? ರಸ್ತೆ ಈಚೀಕ್ ಬತ್ತದೆ. ಮುಂದಿನ್ ಕೋಣೆ ಓದ್ರೆ ಓಗ್ಲಿ. ಇಂದ್ಗಡೆ ಮಳಿಗೆ ಕಟ್ಸಿ ನಾವೂ ಓಟ್ಲು ಮಡಗ್ಬೋದು."

ತರಕಾರಿ ಹೆಚ್ಚುತ್ತಿದ್ದ ನನ್ನ ಕೈ ನಿಂತಿತು. ಅತ್ತೆ ನನಗಿಂತ ಮೊದಲು ಮಾತಾಡಿದರು.

"ಅನ್ನೊಂದ್ ತಲೆಮಾರು ಕಣ್ರೀ. ಅಕ್ಸರ ಒಂದ್ ಕಿತಾ ತಪ್ಸಿಕೊಂಡೈತೆ. ಇನ್ನೊಂದ್ ಕಿತಾ ಎತ್ತಿ, ಹೊತ್ತು ಮೂಡ್ಬುಟ್ರೆ? ನಿಮ್ಗೆ ಓಟ್ಲಾದ್ರೆ ಆಯ್ತು, ಮಕ್ಳು ಮರಿ ಬೀದೀಲ್ ಬಿದ್ದಿರ್ಲಿ."

"ಅದ್ನೇ ಅಂತಾವ್ನಿ. ಇವ್ಳು ಕತ್ಲಲ್ಲಿ ಓದ್ಲು. ಅವ್ಳ್ ಕಾಲೇಜಿಂದ ಸಾಸ್ನ ಓದೋ ಮೇಷ್ಟ್ರು ಯಾರ್ನಾರ ಕರ್ಸಿ ತೋರ್ಸಾನ. ಸಾಪವೋ ವರವೋ, ಗೊತ್ತಾಯ್ತದೆ." ನನ್ನ ಕಡೆ ತಿರುಗಿದರು. "ಅಂಥೋರ್ ಯಾರಾರ ಅವ್ರಾ ಅವ್ವ?"

ನಮ್ಮ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ಇದ್ದರು. ಶಾಸನ ಅಂದರೆ ಊಟ ಬಿಟ್ಟು ಓಡಿಬರುವವರು, ಆ ದಿನವೂ ನನ್ನ ಪಕ್ಕದ ಮೇಜಿನಲ್ಲೇ ಕೂತಿದ್ದವರು.

"ಇದ್ದರು ಮಾವ. ಶಾಪದ ಶಾಸನ ಒಂದನ್ನ ಎತ್ತಿಸಿದ ಮೇಲೆ ವರ್ಗವಾಗಿ ಹೋದರು," ಅಂದೆ. "ಆಮೇಲೆ ಮತ್ತೆ ವರ್ಗ. ಈಗ ಎಲ್ಲಿದಾರೋ ಗೊತ್ತಿಲ್ಲ."

ನೆಲೆಯಿಲ್ಲದೆ ಅಲೆಯುವುದು ಹೇಗಿರುತ್ತದೆಂದು ಮಾವನವರಿಗೆ ಕಣ್ಣಿಗೆ ಕಟ್ಟಿರಬೇಕು. ಹಾರೆಯನ್ನು ಅಟ್ಟಕ್ಕೆ ಹಾಕಿಸಿದರು. ಅಗಲ ಮಾಡುವವರು ಬಂದು ಮಂಚಯ್ಯನವರ ಹೋಟೆಲಿನ ಮುಂಭಾಗವನ್ನೇ ಕೆಡವಿದರು. ಅಂದು ಮಾವ ಹೊಟ್ಟೆ ತುಂಬ ಮುದ್ದೆ ಉಂಡರು.

ಕೊನೆಗೆ ರಸ್ತೆಯವರು ದೂರ ತೋರಿಸುವ ಹೊಸ ಕಲ್ಲೊಂದನ್ನು ತಂದರು. ಎಲ್ಲಿ ನೆಡುವುದು ಅಂತ ಆಚೆ ಈಚೆ ನೋಡಿ, ಇಲ್ಲಿ ಹೇಗೂ ಒಂದು ಕಲ್ಲು ಇದೆಯಲ್ಲ ಅಂತ ಕರುಗಲ್ಲಿನ ಪಕ್ಕದಲ್ಲೇ ನೆಟ್ಟು ಹೋದರು. ಹಳದಿ ಬಿಳಿ ಬಣ್ಣ, ಕನ್ನಡದಲ್ಲೇ ಅಕ್ಷರ: ಮಾಗಡಿ ೧೮ ಕಿ.ಮೀ. ನಾನು ಜಗಲಿಯ ಮೇಲೆ ನಿಂತು ಬೆರಳಿನಲ್ಲಿ ಲೆಕ್ಕ ಹಾಕಿದೆ. ಹನ್ನೊಂದು ಮೈಲಿ ಅಂದರೆ ಹದಿನೆಂಟು ಕಿಲೋಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಚಿಕ್ಕಬೈರ ಕಲ್ಲನ್ನು ದೂರದಿಂದೇನೂ ಎಳೆದು ತಂದಿರಲಿಲ್ಲ. ಮಾರನೆಯ ದಿನ ಅತ್ತೆ ಎರಡಕ್ಕೂ ಕುಂಕುಮ ಇಟ್ಟರು.

ಅನಂತರಾಜು ಪಾಳಿ ಮುಗಿಸಿ ಬಂದವರು ಚಪ್ಪಲಿ ಬಿಡುತ್ತಾ ಕೇಳಿದರು, "ಅವ್ವ ಏನೋ ಶಾಪ ಗೀಪ ಅಂತಿತ್ತಲ್ಲ, ಆ ಕಲ್ಲಿನ ಬುಡದಲ್ಲಿ ನಿಜವಾಗ್ಲೂ ಏನಿದೆ ರಾಧಾ? ನೀನು ಓದಿದ್ಯಂತೆ."

ಹೊರಗೆ ಇಬ್ಬರು ಲಾರಿಯವರು ಹೊಸ ಕಲ್ಲಿಗೆ ಒರಗಿ ಇಡ್ಲಿ ತಿನ್ನುತ್ತಿದ್ದರು. ಹಳೆಯದಕ್ಕೆ ಒರಗುವ ಧೈರ್ಯ ಯಾರಿಗೂ ಇರಲಿಲ್ಲ. ಗೋಡೆಯ ಮೇಲೆ ನನ್ನ ಕ್ಯಾಲೆಂಡರ್ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು. ಇವರಿಗೆ ಹೇಳಿದರೆ ಇವರು ನಗುತ್ತಾರೆ. ನಕ್ಕವರು ಕ್ಯಾಂಟೀನಿನಲ್ಲಿ ಹೇಳುತ್ತಾರೆ, ಕ್ಯಾಂಟೀನಿನಲ್ಲಿ ಹೇಳಿದ್ದು ಸಂಜೆಯ ಬಸ್ಸಿಗೆ ಮಂಚಯ್ಯನವರ ಹೋಟೆಲಿಗೆ ಬರುತ್ತದೆ. ಆಮೇಲೆ ಅಟ್ಟದಿಂದ ಹಾರೆ ಇಳಿಯುತ್ತದೆ. ಇವರಿಗೂ ಬೇಡ, ಯಾರಿಗೂ ಬೇಡ.

"ಮಣ್ಣು ಮೆತ್ತಿತ್ತು ರೀ, ಪೂರ್ತಿ ಕಾಣಲಿಲ್ಲ," ಅಂದೆ. "ಕಾಫಿ ಇಡ್ತೀನಿ, ಕೈಕಾಲು ತೊಳ್ಕೊಂಡು ಬನ್ನಿ."